ಮೂಗಣ್ಣನಿಗೆ ಸಿಗದ ವಾಸನೆ

ಮೂಗಣ್ಣನಿಗೆ ಆ ಹೆಸರಿಟ್ಟವರು ಯಾರು ಎಂದು ಓಣಿಯಲ್ಲಿ ಯಾರಿಗೂ ನೆನಪಿಲ್ಲ. ಯಾರೇ ಇಟ್ಟಿರಲಿ, ತಪ್ಪು ಮಾಡಿರಲಿಲ್ಲ. ನೋಡುವುದಕ್ಕೆ ಅದೊಂದು ಸಾಧಾರಣ ಮೂಗು, ಸ್ವಲ್ಪ ಎಡಕ್ಕೆ ವಾಲಿದ್ದು. ಆದರೆ ಗಾಡಿಯೊಂದು ಅವನ ಶೆಡ್ಡಿನ ಗೇಟು ದಾಟುವಷ್ಟರಲ್ಲಿ ಕ್ಲಚ್ ಸುಟ್ಟಿದೆಯೋ, ಬ್ರೇಕ್ ಆಯಿಲ್ ಸೋರುತ್ತಿದೆಯೋ, ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೋ ಎಂದು ಆ ಮೂಗು ಹೇಳಿಬಿಡುತ್ತಿತ್ತು. ಗಾಡಿಯವರು ಬಾಯಿ ತೆರೆಯುವ ಮೊದಲೇ ಅವನು ಅರ್ಧ ಕಾಯಿಲೆ ಹೇಳಿ ಮುಗಿಸಿರುತ್ತಿದ್ದ. ಅದರ ಜಂಬವೂ ಅವನಿಗೆ ಬೇಕಾದಷ್ಟಿತ್ತು, ಸುಳ್ಳೇಕೆ ಹೇಳಬೇಕು.

ಅವನ ಹೊಟ್ಟೆಪಾಡು ಸೋರುವ ಪೆಟ್ರೋಲ್ ಟ್ಯಾಂಕುಗಳು. ಹಳೆಯ ಗಾಡಿಗಳ ಟ್ಯಾಂಕು ತುಕ್ಕು ಹಿಡಿದು ತೂತು ಬಿದ್ದರೆ ಇಳಿಸಿ, ತೊಳೆದು, ಬೆಸುಗೆ ಹಾಕಿ ಮತ್ತೆ ಏರಿಸುವುದು. ಕೇಳುವುದಕ್ಕೆ ಸುಲಭ. ಆದರೆ ಈ ಕೆಲಸದಲ್ಲಿ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆದರಿಕೆ. ಪೆಟ್ರೋಲು ಹೋದರೂ ಅದರ ಆವಿ ಒಳಗೆ ಬಾಡಿಗೆ ಕೊಡದ ಬಾಡಿಗೆದಾರನಂತೆ ಕೂತೇ ಇರುತ್ತದೆ. ಅದನ್ನು ಹೊರಗೆ ಹಾಕದೆ ಬೆಂಕಿ ತೋರಿಸಿದರೆ ಟ್ಯಾಂಕೂ ಉಳಿಯುವುದಿಲ್ಲ, ತೋರಿಸಿದವನೂ ಉಳಿಯುವುದಿಲ್ಲ. ಅದಕ್ಕೇ ಬಿಸಿನೀರು, ಸೋಪಿನ ಪುಡಿ, ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಿ ಕುಲುಕಿ ತೊಳೆಯಬೇಕು, ಪಂಪಿನಿಂದ ಗಾಳಿ ಹೊಡೆಯಬೇಕು, ಮತ್ತೆ ತೊಳೆಯಬೇಕು.

ಎಲ್ಲ ಮುಗಿದ ಮೇಲೆ ಮೂಗಣ್ಣ ಟ್ಯಾಂಕಿನ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. ಆವಿ ಒಂದಿಷ್ಟಿದ್ದರೂ ‘ಇನ್ನೂ ಬದುಕಿದೆ’ ಎಂದು ಮತ್ತೆ ನೀರಿಗೆ ಹೋಗುತ್ತಿದ್ದ. ಇಲ್ಲವೆಂದಾದಾಗ ಓಣಿಗೆಲ್ಲ ಕೇಳುವಂತೆ ‘ಸತ್ತಿತು’ ಎನ್ನುತ್ತಿದ್ದ. ಆ ಮಾತು ಬೀಳುವವರೆಗೆ ಎದುರಿನ ಚಹಾದಕ್ಕ ಒಲೆ ಹೊತ್ತಿಸುತ್ತಿರಲಿಲ್ಲ, ಪಕ್ಕದ ಪಂಕ್ಚರಿನವನು ಸಿಗರೇಟು ಹಚ್ಚುತ್ತಿರಲಿಲ್ಲ. ಹೊಸಬರು ಯಾರಾದರೂ ಬಂದು ಚಹಾ ಕೇಳಿದರೆ ‘ಇನ್ನೂ ಸತ್ತಿಲ್ಲ, ತಡೀರಿ’ ಎಂದು ಚಹಾದಕ್ಕ ಹೇಳುತ್ತಿದ್ದಳು. ಕೇಳಿದವರು ಎದ್ದು ಮುಂದಿನ ಅಂಗಡಿಗೆ ಹೋದದ್ದೂ ಉಂಟು.

ಇಂಥ ಮೂಗು ಹೋದ ಚಳಿಗಾಲದ ಒಂದು ಜ್ವರದಲ್ಲಿ ಹೊರಟುಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಮೂಗು ಮಾತ್ರ ತವರಿಗೆ ಹೋದ ಸೊಸೆಯ ಹಾಗೆ ವಾಪಸು ಬರುವ ಲಕ್ಷಣ ತೋರಿಸಲಿಲ್ಲ. ಮೊದಲು ಗೊತ್ತಾದದ್ದು ಹೆಂಡತಿಗೆ. ಒಂದು ಬೆಳಿಗ್ಗೆ ಹಾಲು ತಳ ಹತ್ತಿ, ಮನೆಯೆಲ್ಲ ಸೀದ ವಾಸನೆ. ಈ ಮನುಷ್ಯ ಅದೇ ಹಾಲು ಕುಡಿದು, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡ. ಸಾರಿಗೆ ಒಗ್ಗರಣೆ ಒಂದು ಚೂರು ಕಪ್ಪಾದರೆ ಮೂಗು ಮುರಿಯುತ್ತಿದ್ದವನು. ಅವಳು ಎದುರಿಗೆ ಕೂತು ‘ಯಾವತ್ತಿನಿಂದ?’ ಎಂದು ಕೇಳಿದಳು. ಅವನು ಲೋಟ ನೋಡುತ್ತಾ ‘ಜ್ವರದಿಂದ’ ಎಂದ. ಡಾಕ್ಟರಿಗೆ ತೋರಿಸಿದ್ದಾಯಿತು. ಬಂದರೆ ಬರಬಹುದು, ಬರದಿದ್ದರೆ ಇಲ್ಲ ಎಂದರು.

ಹೊರಗೆ ಹೇಳುವಂತಿರಲಿಲ್ಲ. ವಾಸನೆ ತಿಳಿಯದವನ ಕೈಗೆ ಟ್ಯಾಂಕು ಯಾರು ಕೊಡುತ್ತಾರೆ? ಮೂಗಿಲ್ಲದ ಮೂಗಣ್ಣ ಎಂದು ಪಂಕ್ಚರಿನವನು ಒಂದು ಸಲ ಅಂದರೆ ಸಾಕು, ಇಡೀ ರಸ್ತೆ ಅದನ್ನೇ ಹಾಡುತ್ತದೆ. ಅದಕ್ಕೆ ಗಂಡ ಹೆಂಡತಿ ಒಂದು ಉಪಾಯ ಮಾಡಿಕೊಂಡರು. ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಅವಳು ಬರುವುದು, ಅಷ್ಟರಲ್ಲಿ ಇವನು ಟ್ಯಾಂಕು ತೊಳೆದು ಶೆಡ್ಡಿನ ಹಿಂದಿನ ಗೋಡೆಗೆ ಒರಗಿಸಿರುವುದು. ಅವಳು ಯಾರಿಗೂ ಕಾಣದಂತೆ ಬಗ್ಗಿ ಮೂಸಿ ನೋಡುವಳು. ಆವಿ ಇದ್ದರೆ ಡಬ್ಬಿ ಮುಚ್ಚಿಯೇ ಇರುತ್ತಿತ್ತು. ಇಲ್ಲದಿದ್ದರೆ ಮುಚ್ಚಳ ತೆಗೆಯುವಳು. ಆಗ ಇವನು ಗೇಟಿನ ಕಡೆ ತಿರುಗಿ ಗಂಟಲೆತ್ತಿ ‘ಸತ್ತಿತು’ ಎನ್ನುವನು. ಊಟವನ್ನು ಇಷ್ಟು ನಿಷ್ಠೆಯಿಂದ ತರುವ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಓಣಿಯ ಗಂಡಸರು ಹೊಟ್ಟೆ ಉರಿದುಕೊಂಡರು.

ಹಾಗೆ ನಡೆಯುತ್ತಿದ್ದದ್ದು ಅವಳ ಅಕ್ಕನ ಮೊಣಕಾಲಿನಿಂದ ಕೆಟ್ಟಿತು. ಅಕ್ಕನಿಗೆ ಆಪರೇಷನ್, ನೋಡಿಕೊಳ್ಳುವವರಿಲ್ಲ. ಹೊರಡುವ ಮುಂಚೆ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಗಂಡನಿಂದ ಮಾತು ತೆಗೆದುಕೊಂಡಳು.

“ನಾನು ಬರೋವರೆಗೆ ಒಂದು ಟ್ಯಾಂಕೂ ಮುಟ್ಟಬಾರದು. ಬ್ರೇಕ್ ನೋಡಿ, ಸೈಲೆನ್ಸರ್ ನೋಡಿ, ಇಲ್ಲಾ ಸುಮ್ನೆ ಕೂತು ನೊಣ ಹೊಡೀರಿ. ಟ್ಯಾಂಕು ಮಾತ್ರ ಬೇಡ.”

“ಇಲ್ಲ ಕಣೇ, ನಿನ್ನಾಣೆ ಮುಟ್ಟಲ್ಲ.”

“ನನ್ನಾಣೆ ಯಾಕೆ, ನಿಮ್ಮಾಣೆ ಇಡಿ. ಅದು ನಿಮಗೆ ಜಾಸ್ತಿ ಪ್ರೀತಿ.”

ಅವನು ನಗುತ್ತಾ ಎರಡೂ ಆಣೆ ಇಟ್ಟ. ಮೊದಲೆರಡು ದಿನ ಮಾತು ಉಳಿಸಿಕೊಂಡ. ಮೂರನೆಯ ದಿನ ಬೆಳಿಗ್ಗೆ ಪಂಕ್ಚರಿನವನು ಒಂದು ಹಳೇ ವ್ಯಾನಿನ ಮುಂದೆ ಕೈಬೀಸುತ್ತಾ, ದಿಬ್ಬಣ ಕರೆತಂದವನ ಗತ್ತಿನಲ್ಲಿ ಗೇಟಿನೊಳಗೆ ಬಂದ.

“ಟ್ಯಾಂಕು ಸೋರ್ತಿದೆಯಂತೆ. ನಮ್ಮ ಮೂಗಣ್ಣ ಇರುವಾಗ ನೀವ್ಯಾಕೆ ಯೋಚ್ನೆ ಮಾಡ್ತೀರಿ ಅಂತ ನಾನೇ ಕರ್ಕೊಂಡು ಬಂದೆ,” ಎಂದು ಹೇಳಿ, ಉಪಕಾರ ಮಾಡಿದವನ ಮುಖ ಹೊತ್ತು ಅಲ್ಲೇ ನಿಂತ.

ವ್ಯಾನು ಒಂದು ಕಾಲಕ್ಕೆ ನೀಲಿ ಇದ್ದಿರಬೇಕು. ಈಗ ಬಣ್ಣ ಎಲ್ಲಿ, ಪುಟ್ಟಿ ಎಲ್ಲಿ ಎಂದು ಹೇಳುವಂತಿರಲಿಲ್ಲ. ತಲೆಯ ಮೇಲೆ ಹಾಸಿಗೆ, ಕಾಲು ಮೇಲಾದ ಮೇಜು, ಬಕೆಟ್ಟು, ಹಗ್ಗ ಬಿಗಿದ ಕಬ್ಬಿಣದ ಕಪಾಟು. ಒಂದು ಇಡೀ ಸಂಸಾರ ಅದರ ಮೇಲೆ ಕೂತಿತ್ತು. ಚಾಲಕನ ಸೀಟಿನಿಂದ ಒಬ್ಬ ಯುವಕ ಇಳಿದ. ಪಕ್ಕದಿಂದ ಅವನ ತಾಯಿ ಇಳಿದರು, ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಹಿಂದಿನಿಂದ, ಪಾತ್ರೆ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು, ಅವನ ಹೆಂಡತಿ ಇಳಿದಳು. ತುಂಬು ಬಸುರಿ. ಇಳಿದವಳೇ ಯಾರ ಕಡೆಗೂ ನೋಡದೆ ಅಂಗಳದ ಆ ತುದಿಗೆ, ನೀರಿನ ತೊಟ್ಟಿಯ ಪಕ್ಕದ ಕಲ್ಲಿಗೆ ಹೋಗಿ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಗಾಡಿ ಹಳೇದು, ತಗೊಂಡು ನಾಕು ತಿಂಗಳಾಯ್ತು ಅಣ್ಣ,” ಎಂದ ಯುವಕ. “ಬೆಳಿಗ್ಗೆ ದಾರೀಲಿ ನಿಲ್ಲಿಸಿದಾಗ ನೋಡಿದ್ರೆ ಕೆಳಗೆ ತೊಟ್ಟಿಕ್ತಾ ಇತ್ತು. ಮೈ ಸೋಪು ಉಜ್ಜಿ ಮೆತ್ತಿದೆ. ಸ್ವಲ್ಪ ದೂರ ಸೋರೋದು ನಿಂತಿತ್ತು, ಆಮೇಲೆ ಮತ್ತೆ ಶುರು. ಆ ಕಡೆ ಮನೆ ಖಾಲಿ ಮಾಡಿ ಬಂದಿದೀವಿ, ಈ ಕಡೆ ಮನೆ ಸಂಜೆಯೊಳಗೆ ಸೇರಬೇಕು. ನಾಳೆ ನನಗೆ ಹೊಸ ಕೆಲಸ.”

“ಇವಳಂತೂ ಗಾಡಿ ಬಂದ ದಿನದಿಂದ ವಾಸನೆ ವಾಸನೆ ಅಂತ ಪ್ರಾಣ ತಿಂತಿದ್ಲು,” ಎಂದರು ತಾಯಿ, ಸೊಸೆಯನ್ನು ಗದ್ದದಿಂದ ತೋರಿಸಿ. “ಸೋರೋಕೆ ಶುರುವಾಗಿದ್ದು ಇವತ್ತು. ನಾನೂ ಹೆತ್ತಿದೀನಿ ಸ್ವಾಮಿ. ನಾನೇನು ಊರೆಲ್ಲ ಮೂಗು ಮುಚ್ಕೊಂಡು ತಿರುಗಿದ್ನಾ?”

ಅವರೂ ಕೈಲಾದದ್ದನ್ನು ಮಾಡಿದ್ದರು ಎನ್ನಿ. ವ್ಯಾನಿನೊಳಗೆ ನಿಂಬೆ ವಾಸನೆಯದೊಂದು, ಗುಲಾಬಿಯದೊಂದು, ಹೆಸರಿಲ್ಲದ ಹಸಿರು ವಾಸನೆಯದೊಂದು ಡಬ್ಬಿ ನೇತುಹಾಕಿದ್ದರು. ಸೊಸೆಯ ವಾಂತಿ ಅದರಿಂದ ಇನ್ನಷ್ಟು ಜಾಸ್ತಿಯಾಗಿತ್ತು. ಅದನ್ನೂ ಬಸುರಿನ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಮೂಗಣ್ಣ ಗಾಡಿಯ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದ. ಟ್ಯಾಂಕಿನ ಮೂಲೆಯ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಅಂಟು ಮೆತ್ತಿ ಕಳಿಸುವಂತಿರಲಿಲ್ಲ. ಈ ಭಾರ ಹೊತ್ತು ಎರಡು ಗುಂಡಿ ಹಾರಿದರೆ ಮೂಲೆಯೇ ಕಿತ್ತು ಬರುತ್ತದೆ. ‘ಇವತ್ತಾಗಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹೆಂಡತಿ ಬಾಗಿಲಲ್ಲಿ ನಿಂತದ್ದು ಕಣ್ಣ ಮುಂದೆ ಇತ್ತು. ಆದರೆ ಆಗಲ್ಲ ಎಂದರೆ ಇವರು ಇದೇ ಗಾಡಿಯಲ್ಲಿ, ಹೀಗೇ ಪೆಟ್ರೋಲು ಸುರಿಸಿಕೊಂಡು, ಆ ಬಸುರಿಯನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ಅವನು ಗಾಡಿಯ ಕೆಳಗಿಂದ ಎದ್ದು ಕೈ ಒರೆಸಿಕೊಂಡು ‘ಸಾಮಾನು ಇಳಿಸಿ’ ಎಂದ. ಪಂಕ್ಚರಿನವನು ತನ್ನದೇ ಗೆಲುವೆಂಬಂತೆ ಮೊದಲ ಬಕೆಟ್ಟು ಇಳಿಸಿದ.

ಸಾಮಾನು ಇಳಿಯಿತು, ಜಾಕು ಏರಿತು. ಉಳಿದ ಪೆಟ್ರೋಲನ್ನು ಕ್ಯಾನಿಗೆ ಬಸಿದು ದೂರ ಇಟ್ಟ. ಪೈಪು ಬಿಚ್ಚಿ, ಟ್ಯಾಂಕು ಹಿಡಿದಿದ್ದ ಪಟ್ಟಿಗಳ ಬೋಲ್ಟು ತೆಗೆದು, ಎದೆಯ ಮೇಲೆ ಟ್ಯಾಂಕು ಇಳಿಸಿಕೊಂಡು ಹೊರಗೆ ಜಾರಿದ. ಅಡಿಭಾಗಕ್ಕೆಲ್ಲ ಯಾವ ಕಾಲದಲ್ಲೋ ದಪ್ಪಗೆ ಡಾಂಬರು ಬಳಿದಿದ್ದರು. ಹಳೇ ಗಾಡಿಗಳಲ್ಲಿ ಅದು ಮಾಮೂಲು, ತುಕ್ಕಿಗೆ ತಡೆ ಎಂದು ಬಳಿಯುತ್ತಾರೆ. ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬಿಸಿನೀರು ಹೊಯ್ದ, ಜಲ್ಲಿ ಹಾಕಿದ, ಯುವಕನೂ ಅವನೂ ಆಚೀಚೆ ಹಿಡಿದು ಕುಲುಕಿದರು. ಕೆಂಪು ನೀರು ಬಂತು, ಆಮೇಲೆ ಕಂದು ನೀರು, ಆಮೇಲೆ ಸೋಪಿನ ನೊರೆ, ಕೊನೆಗೆ ಬರೀ ನೀರು. ಗಾಳಿ ಹೊಡೆದ. ಇನ್ನೊಂದು ಸಲ ತೊಳೆದ, ಭಯಕ್ಕೆ ಮತ್ತೊಂದು ಸಲ ತೊಳೆದ.

ಈಗ ಮೂಸುವ ಹೊತ್ತು. ಮೂಗಣ್ಣ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಉಸಿರೆಳೆದ. ಗೋಡೆ ಮೂಸಿದ್ದರೂ ಅಷ್ಟೇ ತಿಳಿಯುತ್ತಿತ್ತು. ತಲೆ ಎತ್ತಿ ಯುವಕನಿಗೆ, ಏನೋ ದೊಡ್ಡ ಮನಸ್ಸು ಮಾಡಿದವನಂತೆ, “ನೀವೂ ಒಂದ್ಸಲ ನೋಡಿ, ಕಲಿತ ಹಾಗಾಗುತ್ತೆ,” ಎಂದ. ಯುವಕ ಮೂಸಿ “ಸೋಪಿನ ಪುಡಿ ಬಿಟ್ಟರೆ ಏನಿಲ್ಲ” ಎಂದ. ಅವನ ತಾಯಿಯೂ ಕನ್ನಡಕ ಎತ್ತಿಕೊಂಡು ಬಂದು, ಮೂಗಿಗೂ ಕನ್ನಡಕಕ್ಕೂ ಏನು ಸಂಬಂಧವೋ, ಮೂಸಿ “ಸ್ವಚ್ಛ ಇದೆ” ಎಂದರು. ಎರಡು ಮೂಗು ಸಿಕ್ಕಿದವು, ಹೆಂಡತಿಯ ಒಂದರ ಬದಲಿಗೆ. ಮೂಗಣ್ಣನಿಗೆ ತನ್ನ ಜಾಣತನ ತನಗೇ ಇಷ್ಟವಾಯಿತು.

“ಸತ್ತಿತು,” ಎಂದು ಕೂಗಿದ. ಎದುರಿಗೆ ಚಹಾದಕ್ಕನ ಒಲೆ ಭುಸ್ಸೆಂದಿತು.

ಟ್ಯಾಂಕನ್ನು ಅಡಿಮೇಲು ಮಾಡಿ ಬಿಸಿಲಿನಲ್ಲಿದ್ದ ಕಬ್ಬಿಣದ ಮೇಜಿನ ಮೇಲಿಟ್ಟ. ಬ್ರಷ್ಷಿನಿಂದ ಮೂಲೆ ಉಜ್ಜಿ ಹೊಳಪು ಬರಿಸಿದ. ಹಿತ್ತಾಳೆಯ ಕಡ್ಡಿ, ಬೆಸುಗೆ ಹಿಡಿಸುವ ಪುಡಿ, ಗ್ಯಾಸ್ ಟಾರ್ಚು ಎಲ್ಲ ತಂದಿಟ್ಟುಕೊಂಡ. ಅಷ್ಟು ಹೊತ್ತಿಗೆ ಡಾಂಬರು ಬಿಸಿಲಿಗೆ ಮೆತ್ತಗಾಗಿ ಮಿನುಗುತ್ತಿತ್ತು. ಯುವಕ ಟ್ಯಾಂಕು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತ. ಮೂಗಣ್ಣ ಗ್ಯಾಸು ತಿರುಗಿಸಿ ಲೈಟರಿಗೆ ಕೈ ಹಾಕಿದ.

“ಅಣ್ಣ, ಹಚ್ಚಬೇಡಿ.”

ತೊಟ್ಟಿಯ ಕಡೆಯಿಂದ ಬಂದ ದನಿ. ಗಾಳಿ ತಿರುಗಿತ್ತೋ ಏನೋ, ಆ ಹುಡುಗಿ ಎದ್ದು ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು.

“ಶುರುವಾಯ್ತು,” ಎಂದರು ಅತ್ತೆ. “ಇಲ್ಲಿ ಮೂರು ಜನ ಮೂಸಿ ಇಲ್ಲ ಅಂದಿದೀವಿ. ಅಷ್ಟು ದೂರ ಕೂತವಳಿಗೆ ಬಂದ್ಬಿಡ್ತಾ?”

“ಸುಮ್ನಿರಮ್ಮ,” ಎಂದ ಮಗ. ಆಮೇಲೆ ಹೆಂಡತಿಗೆ, ಮೆಲ್ಲಗೆ, “ನಿನಗೆ ಈಗೀಗ ಎಲ್ಲಾದ್ರಲ್ಲೂ ವಾಸನೆ ಬರುತ್ತೆ. ಸ್ವಲ್ಪ ಆ ಕಡೆ ಹೋಗಿ ಕೂತ್ಕೋ.”

ಅವಳು ಹೋಗಲಿಲ್ಲ. “ಇದೆ. ಟ್ಯಾಂಕಿನ ಬಾಯಿಂದಲ್ಲ, ಆ ಕಪ್ಪು ಬಳಿದಿರೋ ಕಡೆಯಿಂದ ಬರ್ತಿದೆ. ಇವತ್ತು ಸೋರಿದ ಪೆಟ್ರೋಲ್ ಥರ ಖಾರ ಇಲ್ಲ ಇದು. ಹಳೇದು. ವರ್ಷಗಟ್ಟಲೆ ಮುಚ್ಚಿಟ್ಟ ವಾರ್ನಿಷ್ ಡಬ್ಬಿ ತೆರೆದ ಹಾಗೆ, ಹುಳಿ ಹುಳಿಯಾಗಿ. ನಾನು ನಾಕು ತಿಂಗಳಿಂದ ಹೇಳ್ತಿರೋದು ಇದನ್ನೇ.”

ಮೂಗಣ್ಣನ ಕೈ ಲೈಟರಿನ ಮೇಲೇ ನಿಂತಿತು. ಹಳೇ ಪೆಟ್ರೋಲು ಎಲ್ಲಾದರೂ ಗಾಳಿಯಾಡದೆ ಕೂತು ಕೂತು ಕೆಟ್ಟಾಗ ಹೀಗೇ ಆಗುತ್ತದೆ, ಖಾರ ಹೋಗಿ ಹುಳಿ ಬರುತ್ತದೆ, ಥೇಟು ಹಳೇ ವಾರ್ನಿಷ್. ಟ್ಯಾಂಕಿನ ಕೆಲಸದಲ್ಲಿ ಕೂದಲು ನರೆಸಿಕೊಂಡವನಿಗೆ ಅದು ಗೊತ್ತು. ಆ ಹುಡುಗಿಗೆ ಗೊತ್ತಿರುವುದಕ್ಕೆ ಸಾಧ್ಯವಿಲ್ಲ. ಕಲ್ಪಿಸಿಕೊಂಡು ಹೇಳುವ ಮಾತಲ್ಲ ಅದು, ಮೂಗಿಗೆ ಬಡಿದವರೇ ಹೇಳುವ ಮಾತು. ಅವನು ಗ್ಯಾಸಿನ ಕಿವಿ ಹಿಂಡಿ ಬಂದ್ ಮಾಡಿದ. ಎದುರಿನ ಅಂಗಡಿಗೆ ‘ಒಲೆ ಆರಿಸಕ್ಕಾ’ ಎಂದು ಕೂಗಿದ.

ಎಲ್ಲರೂ ಅವನನ್ನೇ ನೋಡುತ್ತಿದ್ದರು. “ನೀವೇ ನೋಡಿ ಹೇಳಿ,” ಎಂದರು ಅತ್ತೆ. “ನಿಮ್ಮ ಮೂಗು ಏನು ಹೇಳುತ್ತೋ ಅದೇ ಸರಿ.”

ಆಗ ಮೂಗಣ್ಣ ಒಂದು ಸಣ್ಣ ಕೆಲಸ ಮಾಡಿದ. ಬಗ್ಗಿ, ಡಾಂಬರಿನ ಹತ್ತಿರ ಮೂಗು ಒಯ್ದು, ಎರಡು ಸಲ ಉಸಿರೆಳೆದು, ಗಂಭೀರವಾಗಿ “ಹೌದು, ಇದೆ. ತೆಳ್ಳಗೆ ಇದೆ,” ಎಂದ. ವಾಸನೆ ಇದೆ ಎಂದು ನಂಬಿದ್ದ, ಆದರೆ ಬಂದಿರಲಿಲ್ಲ.

ಮರದ ಸುತ್ತಿಗೆಯಿಂದ ಅಡಿಯನ್ನು ಮೆಲ್ಲಗೆ ತಟ್ಟುತ್ತಾ ಹೋದ. ಠಣ್ ಠಣ್ ಎನ್ನುತ್ತಿದ್ದ ತಗಡು ನಡುವೆ ಒಂದು ಕಡೆ ದಬ್ ಎಂದಿತು. ಕಿಡಿ ಹಾರದ ಹಿತ್ತಾಳೆಯ ಉಳಿಯಿಂದ ಡಾಂಬರು ಕೆರೆದ. ಕೆಳಗೆ ಇನ್ನೊಂದು ತಗಡು ಕಾಣಿಸಿತು. ಹಿಂದಿನ ಯಜಮಾನ ಯಾವನೋ ಪುಣ್ಯಾತ್ಮ, ಆಗಲೇ ಸೋರುತ್ತಿದ್ದ ಟ್ಯಾಂಕಿನ ಮೇಲೆ ತೇಪೆ ಇಟ್ಟು, ಸುತ್ತ ಅಂಟು ಮೆತ್ತಿ, ಮೇಲೆ ಡಾಂಬರು ಬಳಿದು, ‘ಒಳ್ಳೇ ಗಾಡಿ’ ಎಂದು ಮಾರಿದ್ದ. ಒಳಗಿನ ತೂತಿನಿಂದ ಇಳಿದ ಪೆಟ್ರೋಲು ಎರಡು ತಗಡಿನ ನಡುವೆ ಸೇರಿಕೊಂಡು ಅಲ್ಲೇ ಸಂಸಾರ ಹೂಡಿತ್ತು. ಆಮೇಲೆ ತೂತಿಗೆ ತುಕ್ಕು ಕಟ್ಟಿದ್ದರಿಂದ ಎಷ್ಟು ನೀರು ಹಾಕಿ ಕುಲುಕಿದರೂ ಅಲ್ಲಿಗೆ ಹೋಗುತ್ತಿರಲಿಲ್ಲ. ತೇಪೆಯ ಅಂಚು ಎತ್ತಿ ಟ್ಯಾಂಕು ವಾಲಿಸಿದಾಗ ಚಹಾದ ಬಣ್ಣದ ಹಳೇ ಪೆಟ್ರೋಲು ಸೊರಸೊರ ಸುರಿದು ಕೆಳಗಿಟ್ಟ ಡಬ್ಬಿಯ ತಳ ತುಂಬಿತು. ಈಗ ಎಲ್ಲರಿಗೂ ವಾಸನೆ ಬಂತು. ಯುವಕ ಕೆಮ್ಮಿಕೊಂಡು ಹಿಂದೆ ಸರಿದ.

ಪಂಕ್ಚರಿನವನು ಮೂಗಿನ ಮೇಲೆ ಬೆರಳಿಟ್ಟುಕೊಂಡ. “ನೋಡಿದ್ರಾ ನಮ್ಮ ಮೂಗಣ್ಣನ್ನ? ಎರಡು ತಗಡಿನ ಮಧ್ಯೆ ಇರೋದನ್ನ ಹಿಡಿದುಬಿಟ್ಟ. ಇಂಥ ಮೂಗು ಇನ್ನೊಂದು ತೋರಿಸಿ ನನಗೆ.”

“ದೊಡ್ಡ ಗಂಡಾಂತರ ತಪ್ಪಿಸಿದ್ರಿ ಸ್ವಾಮಿ,” ಎಂದು ಅತ್ತೆ ಕೈ ಮುಗಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. “ನೋಡು, ಮೂಗು ಅಂದ್ರೆ ಹೀಗಿರಬೇಕು. ಬರೀ ವಾಂತಿ ಮಾಡೋದಲ್ಲ.”

ಸೊಸೆ ಬೇಸರ ಮಾಡಿಕೊಳ್ಳಲಿಲ್ಲ, ಅವಳಿಗೆ ಅದು ಅಭ್ಯಾಸವಾಗಿತ್ತು. ಸೆರಗು ಸರಿಮಾಡಿಕೊಂಡು ಮತ್ತೆ ಕಲ್ಲಿನ ಮೇಲೆ ಕೂತು ನೆಲ ನೋಡತೊಡಗಿದಳು.

ಮೂಗಣ್ಣನಿಗೆ ಆ ಹೊತ್ತು ಆದದ್ದನ್ನು ಹೇಗೆ ಹೇಳುವುದು. ಹೊಗಳಿಕೆ ಅವನಿಗೆ ಹೊಸದಲ್ಲ, ಬೇಡವಾದದ್ದೂ ಅಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಹೆಸರು ಉಳಿಯುತ್ತಿತ್ತು, ಇನ್ನಷ್ಟು ಬೆಳೆಯುತ್ತಿತ್ತು ಕೂಡ. ಆದರೆ ಅವನ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಮತ್ತು ಅದು ಹೊಡೆದುಕೊಳ್ಳುತ್ತಿರುವುದೇ ಆ ಕಲ್ಲಿನ ಮೇಲೆ ಕೂತವಳಿಂದ. ಪ್ರಾಣ ಉಳಿಸಿದವಳ ಮಾತನ್ನೇ ಕದ್ದು, ಅದರ ಮೇಲೆ ತಾನು ಕೂತು ಮೆರೆಯುವುದೇ? ಉಂಡ ಮನೆಗೆ ಎರಡು ಬಗೆದಂತೆ ಇದು. ಇಷ್ಟು ನಾಚಿಕೆ ಅವನಿಗೆ ಮೂಗು ಹೋದಾಗಲೂ ಆಗಿರಲಿಲ್ಲ.

“ಅಮ್ಮ, ಒಂದು ನಿಮಿಷ,” ಎಂದ. “ಆ ವಾಸನೆ ಹಿಡಿದಿದ್ದು ನಾನಲ್ಲ.”

“ಮತ್ತೆ?”

“ನನಗೆ ವಾಸನೆ ಬರೋದೇ ಇಲ್ಲ. ಚಳಿಗಾಲದಲ್ಲಿ ಜ್ವರ ಬಂತಲ್ಲ, ಅವತ್ತಿಂದ ಇಲ್ಲ. ಪೆಟ್ರೋಲೂ ಒಂದೇ, ಪನ್ನೀರೂ ಒಂದೇ. ಆಗ್ಲೇ ಸತ್ತಿತು ಅಂದೆ ನೋಡಿ, ಅದು ಸುಳ್ಳು. ಆಮೇಲೆ ಇದೆ ಅಂದೆ, ಅದೂ ಸುಳ್ಳು. ನಿಮ್ಮ ಸೊಸೆ ಹೇಳಿದ್ದನ್ನ ಕೇಳಿ ನಂಬಿದೆ, ಅಷ್ಟೇ ನಾನು ಮಾಡಿದ್ದು. ಅವಳು ಬಾಯಿ ಬಿಡದೇ ಇದ್ದಿದ್ರೆ ಈಗ ನಾನಿರ್ತಿರಲಿಲ್ಲ. ಟ್ಯಾಂಕು ಹಿಡ್ಕೊಂಡು ನಿಂತಿದ್ದ ನಿಮ್ಮ ಮಗನೂ ಇರ್ತಿರಲಿಲ್ಲ.”

ಅತ್ತೆ ಮಗನನ್ನು ನೋಡಿದರು, ಅವನ ಎರಡೂ ಕೈ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ನಿಧಾನವಾಗಿ ತೊಟ್ಟಿಯ ಕಡೆ ನಡೆದು ಸೊಸೆಯ ಪಕ್ಕ ಅದೇ ಕಲ್ಲಿನ ಮೇಲೆ ಇಕ್ಕಟ್ಟಾಗಿ ಕೂತರು.

“ನಾಕು ತಿಂಗಳಿಂದ ಹೇಳ್ತಿದ್ದೆ ಅಲ್ವಾ ನೀನು?”

“ಹೂಂ, ಅತ್ತೆ.”

“ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ.”

“ಹೂಂ.”

“ಹೂಂ ಅನ್ನೋದೊಂದು ಚೆನ್ನಾಗಿ ಕಲ್ತಿದೀಯ. ಎರಡು ಬೈಬಾರದಾ ನನಗೆ?” ಎಂದರು ಅತ್ತೆ. ಹಾಗೆನ್ನುತ್ತಲೇ ಅವರ ಗಟ್ಟಿ ದನಿ ಒಡೆಯಿತು. ಸೊಸೆ ಅವರ ಕೈ ಹಿಡಿದುಕೊಂಡು, ಅಳುತ್ತಲೇ ನಕ್ಕಳು. ಯುವಕ ಅಲ್ಲಿಗೆ ಹೋಗಿ ನಿಂತು, “ನಾನೂ ನಂಬಲಿಲ್ಲ,” ಎಂದಷ್ಟೇ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಎದ್ದು ವ್ಯಾನಿಗೆ ಹೋಗಿ ನಿಂಬೆ, ಗುಲಾಬಿ, ಹಸಿರು ಮೂರೂ ಡಬ್ಬಿ ಕಿತ್ತು ತಂದು ಕಸದ ಡ್ರಮ್ಮಿಗೆ ಹಾಕಿದರು.

ಪಂಕ್ಚರಿನವನು ಅಷ್ಟು ಹೊತ್ತೂ ಬಾಯಿ ತೆರೆದುಕೊಂಡೇ ಇದ್ದ. “ಹಾಗಾದ್ರೆ ಹೋದ ತಿಂಗಳು ನನ್ನ ಅತ್ತರು ಘಮ ಘಮ ಅಂತಿದೆ ಅಂದಿದ್ದೆಯಲ್ಲೋ?”

“ಹಾಕ್ಕೊಂಡಿದೀನಿ ಅಂತ ನೀನೇ ನಾಕು ಸಲ ಹೇಳಿದ್ದೆ.”

“ನನಗೂ ಹೇಳಲಿಲ್ಲವಲ್ಲ ನೀನು,” ಎಂದ ಪಂಕ್ಚರಿನವನು. ಮೂಗಣ್ಣ ಹೆದರಿದ್ದ ನಗು ಅವನ ಮುಖದಲ್ಲಿ ಇರಲಿಲ್ಲ. ನಿಜವಾಗಿಯೂ ನೊಂದುಕೊಂಡಿದ್ದ. “ಕರೆದಿದ್ರೆ ಬಂದು ನೋಡ್ತಿರಲಿಲ್ವಾ? ನಾಳೆಯಿಂದ ನಾನು ನೋಡ್ತೀನಿ.”

“ನೀನಾ?” ಎಂದಳು ಗೇಟಿಗೆ ಬಂದು ನಿಂತಿದ್ದ ಚಹಾದಕ್ಕ. “ಇಡೀ ದಿನ ರಬ್ಬರು ಸುಟ್ಟು ನಿನ್ನ ಮೂಗು ಯಾವಾಗ್ಲೋ ಹೊಗೆಗೂಡಾಗಿದೆ. ನಾನು ನೋಡ್ತೀನಿ. ಟ್ಯಾಂಕು ಸತ್ತ ಮೇಲೆ ಒಲೆ ಹಚ್ಚೋಳು ನಾನು ತಾನೆ?”

ಅವರಿಬ್ಬರೂ ಅಲ್ಲೇ ಜಗಳಕ್ಕೆ ನಿಂತರು. ಮೂಗಣ್ಣ ತೇಪೆಯನ್ನು ಪೂರ್ತಿ ಕಿತ್ತು, ಕೊಳೆತ ತಗಡು ಕತ್ತರಿಸಿ ತೆಗೆದು, ಟ್ಯಾಂಕನ್ನು ಮತ್ತೆ ಮೊದಲಿನಿಂದ ತೊಳೆದ. ತೊಳೆದು ಅಂಗಳದ ನಡುವೆ ತಂದಿಟ್ಟು, ಈ ಸಲ ತನ್ನ ಮೂಗು ಬಗ್ಗಿಸುವ ನಾಟಕ ಮಾಡಲಿಲ್ಲ. ತೊಟ್ಟಿಯ ಕಡೆ ತಿರುಗಿ ಎಲ್ಲರ ಎದುರಿಗೆ ಕೇಳಿದ.

“ಹತ್ತಿರ ಬರಬೇಡ ತಾಯಿ. ಅಲ್ಲಿಂದಲೇ ನೋಡಿ ಹೇಳು. ಇದೆಯಾ?”

ಅವಳು ಎದ್ದು ನಿಂತಳು. ಗಂಡ, ಅತ್ತೆ, ಪಂಕ್ಚರಿನವನು, ಚಹಾದಕ್ಕ ಎಲ್ಲರೂ ಅವಳನ್ನೇ ನೋಡಿದರು. ಅವಳು ಅವಸರ ಮಾಡಲಿಲ್ಲ. ಗಾಳಿ ಒಂದು ಸಲ ಬಂದು ಹೋಗಲು ಬಿಟ್ಟಳು, ಇನ್ನೊಂದು ಸಲ ಬರಲು ಬಿಟ್ಟಳು.

“ಇನ್ನೊಂದ್ಸಲ ತೊಳೀರಿ ಅಣ್ಣ,” ಎಂದಳು.

ಅತ್ತೆಯೇ ಎದ್ದು ಬಿಸಿನೀರಿನ ಹಂಡೆಗೆ ಕೈ ಹಾಕಿದರು. ಇನ್ನೊಂದು ಸಲ ತೊಳೆದದ್ದಾಯಿತು. ಆಗ ಅವಳು ತಲೆ ಆಡಿಸಿ, “ಈಗ ಇಲ್ಲ. ಹಚ್ಚಿ,” ಎಂದಳು. ಮೂಗಣ್ಣ ಅವಳ ಒಂದು ಮಾತಿನ ಮೇಲೆ ಬೆಂಕಿ ಹಚ್ಚಿದ. ಹಿತ್ತಾಳೆ ಕರಗಿ ಹೊಸ ತಗಡಿನ ಅಂಚಿನುದ್ದಕ್ಕೂ ಸರಾಗವಾಗಿ ಹರಿಯಿತು. ಮೂಲೆಗೂ ಹಾಕಿದ, ಒಂದೂ ಸೂಜಿಮೊನೆಯ ತೂತು ಬಿಡಲಿಲ್ಲ. ಆರಿದ ಮೇಲೆ ನೀರು ತುಂಬಿಸಿ ಒಣ ಸಿಮೆಂಟಿನ ಮೇಲಿಟ್ಟು ಕಾದರು. ಕೆಳಗೆ ಒಂದು ಹನಿ ಒದ್ದೆ ಕಾಣಲಿಲ್ಲ. ಒಳಗೆ ಒಣಗಿಸಿ, ಗಾಡಿಗೆ ಏರಿಸಿ, ಪೈಪು ಕೂಡಿಸಿ, ಪೆಟ್ರೋಲು ಹೊಯ್ದು, ಸಾಮಾನು ಮತ್ತೆ ಕಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಹೊರಡುವಾಗ ಆ ಹುಡುಗಿ ಮುಂದಿನ ಸೀಟಿನಲ್ಲಿ ಕೂತಳು. ಅತ್ತೆ ಯಾರಿಗೂ ಹೇಳದೆ, ಪಾತ್ರೆಗಳ ನಡುವೆ ಹಿಂದೆ ಹೋಗಿ ಕೂತುಬಿಟ್ಟಿದ್ದರು. ಮೂಗಣ್ಣ ಕಿಟಕಿಯ ಹತ್ತಿರ ಹೋಗಿ ನಿಂತ. ಹೇಳಬೇಕಾದದ್ದು ಎದೆ ತುಂಬ ಇತ್ತು.

“ನಿನ್ನ ಉಪಕಾರ ಸಾಯೋವರೆಗೆ ಮರೆಯಲ್ಲ ತಾಯಿ. ನಿನ್ನಿಂದ ನಾನು ಬದುಕಿದೀನಿ,” ಎಂದ.

“ನಾನು ಹೇಳಿದ್ದನ್ನ ನಂಬಿದೋರು ನೀವೇ ಮೊದಲು ಅಣ್ಣ,” ಎಂದಳು ಅವಳು. “ಆಮೇಲೆ ಎಲ್ಲರ ಎದುರಿಗೆ ಹೇಳಿದ್ರಲ್ಲ. ಅದನ್ನ ನಾನೂ ಮರೆಯಲ್ಲ.” ಸೆರಗು ಮೂಗಿನ ಮೇಲಿರಲಿಲ್ಲ. ಅವಳ ಮುಖ ಪೂರ್ತಿಯಾಗಿ ಅವನಿಗೆ ಕಂಡದ್ದು ಅದೇ ಮೊದಲು. ವ್ಯಾನು ಗೇಟು ದಾಟಿ, ರಸ್ತೆಯ ಮೇಲೆ ಒಂದು ಹನಿಯನ್ನೂ ಬಿಡದೆ ಹೋಯಿತು.

ಮೂಗಣ್ಣ ಶೆಡ್ಡಿಗೆ ಬಂದು ಹೆಂಡತಿಗೆ ಫೋನು ಮಾಡಿದ. ಟ್ಯಾಂಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಶುರುಹಚ್ಚಿಕೊಂಡಳು. ಎರಡೆರಡು ಆಣೆ ಇಟ್ಟವರು ಯಾರು, ತಾನು ಇಲ್ಲಿ ಅಕ್ಕನ ಕಾಲು ಒತ್ತುತ್ತಾ ಅಲ್ಲಿಯ ಚಿಂತೆ ಮಾಡುತ್ತಿರುವಾಗ ಇವರಿಗೆ ಮಾತಿನ ಬೆಲೆ ಇಲ್ಲವೇ, ಇನ್ನು ಮನೆಗೆ ಬರುವುದೇ ಇಲ್ಲ. ಅವನು ಎಲ್ಲ ಬೈಗುಳ ಕೇಳಿಸಿಕೊಂಡ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ನಡೆದದ್ದೆಲ್ಲ ಹೇಳಿದ: ತೇಪೆ, ಲೈಟರು, ತೊಟ್ಟಿಯ ಕಡೆಯಿಂದ ಬಂದ ದನಿ, ಆಮೇಲೆ ತಾನು ಎಲ್ಲರ ಎದುರಿಗೆ ಹೇಳಿದ ಮಾತು. ಮುಗಿಸಿದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡ.

“ಇದೀಯೇನೇ?”

“ನಾನಿದೀನಿ,” ಎಂದಳು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. “ನೀವಿದೀರಲ್ಲ.”

“ಇದೀನಿ.”

“ಆ ಹುಡುಗಿಗೆ ಸುಖವಾಗಿ ಹೆರಿಗೆಯಾಗಲಿ,” ಎಂದಳು ಹೆಂಡತಿ. ಆಮೇಲೆ, “ಇನ್ನೊಂದ್ಸಲ ಹೇಳಿ. ಅವಳು ಹಚ್ಚಬೇಡಿ ಅಂದಲ್ಲಿಂದ ಹೇಳಿ.”

ಮೂಗಣ್ಣ ಸ್ಟೂಲು ಎಳೆದುಕೊಂಡು ಕೂತು, ಮತ್ತೆ ಹೇಳಿದ.